ಬುಸಿಯಾ ಗಡಿಯಲ್ಲಿ ರಾಗಿ, ಒಣಮೀನು ದಾಟಿಸುವ ಹೆಂಗಸರಿಗೆ ಕಾಗದಪತ್ರ: ಏಜೆಂಟ್ ಇಲ್ಲದೆ ಆಗುತ್ತದೆಯೇ?

ಮೊರಜರಡಿ ಕೇಳಿದ್ದು:

ಕೀನ್ಯಾ–ಉಗಾಂಡಾ ಗಡಿಯ ಬುಸಿಯಾದಲ್ಲಿ ಸಣ್ಣ ವ್ಯಾಪಾರ ಮಾಡುವ ಹೆಂಗಸರ ಸಂಘವೊಂದಕ್ಕೆ ನಾಲ್ಕು ಪುಟದ ಕೈಪಿಡಿ ಮಾಡಿಕೊಡಬೇಕಾಗಿದೆ. ಸಂಘದಲ್ಲಿ 30 ಜನ, ಎಲ್ಲರೂ ಉಗಾಂಡಾ ಕಡೆಯವರು. ತಲಾ ವಾರಕ್ಕೆ ಸುಮಾರು 4 ಚೀಲ ಧಾನ್ಯವನ್ನು ಕೀನ್ಯಾಕ್ಕೆ ದಾಟಿಸುತ್ತಾರೆ. ಹೆಚ್ಚಿನ ಪಾಲು ರಾಗಿ (ಸ್ವಾಹಿಲಿಯಲ್ಲಿ ವಿಂಬಿ), ಸುಗ್ಗಿಯಲ್ಲಿ ಮೆಕ್ಕೆಜೋಳ. ಐದಾರು ಜನ ಮುಕೆನೆ ಎನ್ನುವ ಸಣ್ಣ ಒಣಮೀನು ಮಾರುತ್ತಾರೆ. ವಾಪಸ್ ಬರುವಾಗ ಸೋಪು, ಪ್ಲಾಸ್ಟಿಕ್ ಸಾಮಾನು, ಹಳೆಬಟ್ಟೆ ತರುತ್ತಾರೆ.

ಕೀನ್ಯಾ, ಉಗಾಂಡಾ ಮುಂತಾದ ದೇಶಗಳ ಒಕ್ಕೂಟವಾದ ಪೂರ್ವ ಆಫ್ರಿಕಾ ಸಮುದಾಯದ ನಿಯಮ ಓದಿದರೆ 2,000 ಡಾಲರ್ ಒಳಗಿನ ಸ್ಥಳೀಯ ಸರಕಿಗೆ ಆಮದು ಸುಂಕ ಇಲ್ಲ, ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟೂ ಬೇಡ ಅಂತಿದೆ. ಹಾಗಿದ್ದ ಮೇಲೆ ಇಷ್ಟೊಂದು ಜನ ಇನ್ನೂ ಪಾನ್ಯಾ ದಾರಿ (ಗೇಟು ತಪ್ಪಿಸುವ ಕಳ್ಳದಾರಿ) ಹಿಡಿಯುವುದು ಯಾಕೆ? 30 ಜನರದ್ದನ್ನೂ ಒಂದೇ ಲಾರಿಗೆ ಹಾಕಿದರೆ ಬಾಡಿಗೆ ಉಳಿಯುತ್ತದೆ ಎಂಬ ಯೋಚನೆ ಇದೆ, ಅದು ಸರಿಯೇ? ಮೂಲ ಪ್ರಮಾಣಪತ್ರ ಬಿಟ್ಟು ಬೇರೇನು ಬೇಕು, ಯಾವುದನ್ನು ಮೊದಲು ಮಾಡಿಸಬೇಕು? ಎಲ್ಲರ ಹತ್ತಿರ ಇರುವುದು ಸಾದಾ ಫೋನು, ಹೆಚ್ಚಿನವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅದನ್ನು ಗಮನದಲ್ಲಿಟ್ಟುಕೊಂಡು ಹೇಳಿ.

ಸುಂಕದಕಟ್ಟೆ:

ಮೊದಲು ಆ ಮೂಲ ಪ್ರಮಾಣಪತ್ರದ ಚೀಟಿ ಏನು ಅಂತ ಸ್ಪಷ್ಟ ಮಾಡಿಕೊಳ್ಳೋಣ. ಅದರ ಹೆಸರು ಸಿಂಪ್ಲಿಫೈಡ್ ಸರ್ಟಿಫಿಕೇಟ್ ಆಫ್ ಒರಿಜಿನ್. ಇಲ್ಲಿ ‘ಸರಳ ಚೀಟಿ’ ಅನ್ನುತ್ತೇನೆ. ಈ ಸರಕು ಸಮುದಾಯದ ಸದಸ್ಯ ದೇಶದಲ್ಲೇ ಬೆಳೆದದ್ದು ಅಥವಾ ತಯಾರಾದದ್ದು ಎಂದು ಅದು ಹೇಳುತ್ತದೆ, ಅಷ್ಟೇ. ಒಳಗೆ ಬರಲು ಪರವಾನಗಿ ಅದಲ್ಲ, ಆರೋಗ್ಯ ಪತ್ರವೂ ಅಲ್ಲ. ಗೊಂದಲ ಶುರುವಾಗುವುದೇ ಇಲ್ಲಿಂದ. ಚೀಟಿ ಕೈಗೆ ಬಂತು, ಇನ್ನು ಯಾರೂ ತಡೆಯುವ ಹಾಗಿಲ್ಲ ಅಂದುಕೊಂಡು ಮುಂದೆ ಹೋಗುತ್ತಾರೆ. ಪಕ್ಕದ ಮೇಜಿನಲ್ಲಿ ಸಸ್ಯ ತಪಾಸಣೆಯವರು ಹಿಡಿದು ನಿಲ್ಲಿಸುತ್ತಾರೆ.

ಚೀಟಿ ಕೊಡುವುದು ಹೊರಡುವ ದೇಶದ ಕಸ್ಟಮ್ಸ್, ಅಂದರೆ ನಿಮ್ಮ ಸಂಘಕ್ಕೆ ಉಗಾಂಡಾ ಕಂದಾಯ ಪ್ರಾಧಿಕಾರದ ಅಧಿಕಾರಿ. ದುಡ್ಡಿಲ್ಲ. ಅದರಲ್ಲಿ ಬರೆಯಬೇಕಾದದ್ದು ಕಳಿಸುವವರ ಹೆಸರು ವಿಳಾಸ, ಪಡೆಯುವವರ ಹೆಸರು, ಸರಕಿನ ವಿವರ, ತೂಕ, ಬೆಲೆ, ಮೂಲ ದೇಶ, ಕೊನೆಗೆ ಸಹಿ. ಓದಲು ಬಾರದವರಿಗೆ ಈ ಖಾಲಿ ಜಾಗಗಳನ್ನು ಅದೇ ಕ್ರಮದಲ್ಲಿ ಒಂದು ರಟ್ಟಿನ ಮೇಲೆ ಚಿತ್ರ ಹಾಕಿ ಕೊಡಿ. ಚೀಲದ ಚಿತ್ರ, ತಕ್ಕಡಿಯ ಚಿತ್ರ, ನೋಟಿನ ಚಿತ್ರ. ಒಂದು ಚೀಟಿ ಒಂದು ಸಲದ ಸರಕಿಗೆ ಮಾತ್ರ. ಕಳೆದ ವಾರದ್ದನ್ನು ಮಡಚಿಟ್ಟುಕೊಂಡು ಈ ವಾರ ತೋರಿಸಿದರೆ ನಡೆಯುವುದಿಲ್ಲ.

ಕಟ್ಟಡದ ವಿಷಯ. ಬುಸಿಯಾ ಈಗ ಒಂದೇ ನಿಲುಗಡೆಯ ಗಡಿಠಾಣೆ. 2018ರ ಫೆಬ್ರವರಿಯಲ್ಲಿ ಆಗಿನ ಕೀನ್ಯಾ ಅಧ್ಯಕ್ಷ ಕೆನ್ಯಾಟಾ ಮತ್ತು ಉಗಾಂಡಾ ಅಧ್ಯಕ್ಷ ಮುಸೆವೆನಿ ಸೇರಿ ಉದ್ಘಾಟಿಸಿದರು. ಉಗಾಂಡಾದಿಂದ ಕೀನ್ಯಾಕ್ಕೆ ಹೋಗುವವರಿಗೆ ಎರಡೂ ದೇಶದ ಕೆಲಸ ಕೀನ್ಯಾ ಕಡೆಯ ಕಟ್ಟಡದಲ್ಲೇ ಮುಗಿಯುತ್ತದೆ, ಬರುವವರಿಗೆ ಉಗಾಂಡಾ ಕಡೆ. ಹಳಬರು ರೂಢಿಯಂತೆ ಮೊದಲು ತಮ್ಮ ದೇಶದ ಕಟ್ಟಡಕ್ಕೆ ಹೋಗಿ ಸಾಲಿನಲ್ಲಿ ನಿಂತು ಒಂದು ಗಂಟೆ ಕಳೆದುಕೊಳ್ಳುತ್ತಾರೆ. ಕೈಪಿಡಿಯ ಮೊದಲ ಪುಟದಲ್ಲೇ ಬಾಣದ ಗುರುತು ಹಾಕಿ: ‘ಹೋಗುವ ದೇಶದ ಕಟ್ಟಡ’.

ಮನುಷ್ಯರಿಗೆ ಬೇಕಾದದ್ದು ಬೇರೆ. ಕೀನ್ಯಾ, ಉಗಾಂಡಾ, ರುವಾಂಡಾ ನಡುವೆ 2014ರಿಂದ ರಾಷ್ಟ್ರೀಯ ಗುರುತಿನ ಚೀಟಿಯಲ್ಲೇ ಓಡಾಡಬಹುದು, ಪಾಸ್‌ಪೋರ್ಟ್ ಬೇಕಿಲ್ಲ. ಹಳದಿ ಜ್ವರದ ಲಸಿಕೆ ಕಾರ್ಡು ಜೊತೆಗಿರಲಿ. ಅದಿಲ್ಲ ಎಂಬ ನೆಪದಲ್ಲೇ ಕೈಬಿಸಿ ಕೇಳುವುದು ಜಾಸ್ತಿ.

ತಕ್ಕಡಿ:

ಲಾರಿಯ ಪ್ರಶ್ನೆಗೆ ಉತ್ತರ ಲೆಕ್ಕದಲ್ಲಿದೆ. ಕೀನ್ಯಾ ಕಡೆ ಚೀಲ ಅಂದರೆ 90 ಕೆಜಿ ಅಂತ ಹಿಡಿಯಿರಿ. ಬೆಲೆ ಲೆಕ್ಕಕ್ಕೆ ಸುಲಭವಾಗಲಿ ಅಂತ ಕೆಜಿಗೆ 100 ಕೀನ್ಯಾ ಶಿಲ್ಲಿಂಗ್, ಡಾಲರಿಗೆ 129 ಶಿಲ್ಲಿಂಗ್. ಇವು ಉದಾಹರಣೆಗೆ ಹಿಡಿದವು, ಆ ದಿನದ ದರ ಹಾಕಿಕೊಳ್ಳಿ.

ಒಬ್ಬಳ 4 ಚೀಲ = 360 ಕೆಜಿ = 36,000 ಶಿಲ್ಲಿಂಗ್ = 279 ಡಾಲರ್. ಮಿತಿಯ ಏಳನೇ ಒಂದು ಭಾಗವೂ ಆಗಲಿಲ್ಲ. ಒಬ್ಬೊಬ್ಬರೇ ಹೋದರೆ ಸರಳ ಚೀಟಿಗೆ ಯಾವ ತೊಂದರೆಯೂ ಇಲ್ಲ.

30 ಜನರದ್ದು ಸೇರಿದರೆ 120 ಚೀಲ, 10.8 ಟನ್, 8,372 ಡಾಲರ್. ಲಾರಿ ಗೇಟಿಗೆ ಬಂದಾಗ ಅಧಿಕಾರಿಗೆ ಕಾಣುವುದು ಮೂವತ್ತು ಹೆಂಗಸರಲ್ಲ, ಒಂದು ಲಾರಿ. ಒಂದೇ ಸರಕು, 2,000 ದಾಟಿದೆ, ಪೂರ್ತಿ ಮೂಲ ಪ್ರಮಾಣಪತ್ರ ತನ್ನಿ, ಕ್ಲಿಯರಿಂಗ್ ಏಜೆಂಟ್ ಮೂಲಕ ಘೋಷಣೆ ಹಾಕಿಸಿ ಅನ್ನುತ್ತಾರೆ. ಅವರ ಕಡೆಯಿಂದ ನೋಡಿದರೆ ತಪ್ಪೇನೂ ಇಲ್ಲ. ದೊಡ್ಡ ವ್ಯಾಪಾರಿಗಳು ಕೂಲಿಯವರ ಹೆಸರಲ್ಲಿ ಸರಕು ಒಡೆದು ಸಾಗಿಸುವ ಆಟ ಎಲ್ಲ ಗಡಿಯಲ್ಲೂ ಇದೆ.

ಒಬ್ಬಳ ಹೆಸರಲ್ಲಿ ಏಳು ಜನರದ್ದು ಹಾಕೋಣ, 1,953 ಡಾಲರ್ ಆಗುತ್ತೆ ಅಂತ ಯಾರಾದರೂ ಹೇಳುತ್ತಾರೆ. ಬೇಡ. ಬೆಲೆ ಶೇ. 10 ಏರಿದರೆ 2,149 ಆಯಿತು, ಇಡೀ ಗಾಡಿ ನಿಂತಿತು. ಅದಕ್ಕಿಂತ ಮುಖ್ಯ, ಸರಕು ಜಪ್ತಿಯಾದರೆ ಕಾಗದದಲ್ಲಿ ಹೆಸರಿಲ್ಲದ ಆರು ಜನರಿಗೆ ಕೇಳುವ ಹಕ್ಕೇ ಇರುವುದಿಲ್ಲ.

ಹೀಗೆ ಮಾಡಿ. ಗಾಡಿ ಒಂದೇ ಇರಲಿ, ಚೀಟಿ ತಲೆಗೊಂದು. ಪ್ರತಿ ಚೀಲದ ಮೇಲೂ ಬಣ್ಣದಲ್ಲಿ ಒಡತಿಯ ಗುರುತು ಮತ್ತು ಕ್ರಮಸಂಖ್ಯೆ: 7/1, 7/2, 7/3, 7/4 ಅಂದರೆ ಏಳನೆಯವಳ ನಾಲ್ಕು ಚೀಲ. ಒಬ್ಬಳದ್ದು ಒಂದು ಕಡೆ ಒಟ್ಟಿಗೆ ಪೇರಿಸಿ, ಚೆಲ್ಲಾಪಿಲ್ಲಿ ಬೇಡ. ಹೆಸರು, ಗುರುತಿನ ಚೀಟಿ ಸಂಖ್ಯೆ, ಚೀಲ, ಕೆಜಿ, ಬೆಲೆ ಬರೆದ ಒಂದು ಪಟ್ಟಿ ಡ್ರೈವರ್ ಹತ್ತಿರ. ಸರಕಿನ ಒಡತಿಯರೂ ಜೊತೆಗೇ ಇರಬೇಕು. ಎಲ್ಲರ ಪರವಾಗಿ ಇಬ್ಬರು ಹೋದರೆ ಮತ್ತೆ ‘ಒಂದೇ ಸರಕು’ ಆಗುತ್ತದೆ.

ಚೀಲವನ್ನು ಮೂಟೆ ಕಟ್ಟಿ ಬಾಯಿಗೆ ಹಗ್ಗದ ಜಾಲರಿ ಹೆಣೆದು ಎತ್ತರಿಸುವ ರೂಢಿ ಇದೆ, ಅಲ್ಲಿ ಅದಕ್ಕೆ ಲುಂಬೆಸಾ ಅನ್ನುತ್ತಾರೆ. ಅದನ್ನು ಬಿಡಿಸಿ. ಕೀನ್ಯಾದಲ್ಲಿ ಆಲೂಗಡ್ಡೆಗೆ 50 ಕೆಜಿ ಮೀರುವಂತಿಲ್ಲ ಎಂಬ ನಿಯಮ ಬಂದದ್ದೇ ಇದರ ಕಾಟಕ್ಕೆ. ಲೆಕ್ಕಕ್ಕೆ ಸಿಗದ ಚೀಲ ಕಂಡರೆ ಅಧಿಕಾರಿ ಬೆಲೆಯನ್ನು ತನಗೆ ತೋಚಿದಂತೆ ಹಾಕುತ್ತಾನೆ.

ಹಗೇವು:

ತಕ್ಕಡಿಯವರ ಲೆಕ್ಕ ಸರಿ, ಆದರೆ ಒಂದು ಕಡೆ ಎಡವುತ್ತದೆ. ಧಾನ್ಯಕ್ಕೆ ಸಸ್ಯಾರೋಗ್ಯ ಪತ್ರ, ಅಂದರೆ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಬೇಕು. ಅದು ಸರಕಿಗೆ ಒಂದು. 4 ಚೀಲಕ್ಕೂ ಒಂದು, 120 ಚೀಲಕ್ಕೂ ಒಂದು. ಸರಳ ಚೀಟಿಗೆ ಬಿಡಿಬಿಡಿಯಾಗಿ ಹೋಗುವುದು ಲಾಭ, ಸಸ್ಯಾರೋಗ್ಯ ಪತ್ರಕ್ಕೆ ಒಟ್ಟಾಗಿ ಹೋಗುವುದು ಲಾಭ. ಎರಡೂ ಬೇಕು ಅಂತ ಸಂಘದ ಹೆಸರಲ್ಲಿ ಒಂದು ಸಸ್ಯಾರೋಗ್ಯ ಪತ್ರ, ಹೆಂಗಸರ ಹೆಸರಲ್ಲಿ ಮೂವತ್ತು ಸರಳ ಚೀಟಿ ಮಾಡಿಸಿದರೆ ಹೆಸರೂ ತೂಕವೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಗಾಡಿ ಅಲ್ಲೇ ನಿಲ್ಲುತ್ತದೆ.

ಹಾಗಾಗಿ ಲಾರಿ ತುಂಬುವ ಮೊದಲೇ ಒಂದು ದಾರಿ ಆರಿಸಿಕೊಳ್ಳಬೇಕು. ಒಂದೋ ತಳ್ಳುಗಾಡಿಯಲ್ಲಿ ಸಣ್ಣ ಸಣ್ಣ ಲಾಟು, ಎಲ್ಲ ಕಾಗದವೂ ಅವಳದೇ ಹೆಸರಲ್ಲಿ. ಇಲ್ಲವೇ ಸಂಘವನ್ನು ನೋಂದಾಯಿಸಿ ಸಂಘವೇ ರಫ್ತುದಾರ, ಪೂರ್ತಿ ಪ್ರಮಾಣಪತ್ರ, ಏಜೆಂಟ್, ಖರ್ಚು ಮೂವತ್ತಕ್ಕೆ ಹಂಚಿಕೆ. ಆಗಲೂ ಸುಂಕ ಸೊನ್ನೆಯೇ. 2,000 ದಾಟಿತು ಅಂದ ಮಾತ್ರಕ್ಕೆ ಸ್ಥಳೀಯ ಸರಕಿಗೆ ಸುಂಕ ಬೀಳುವುದಿಲ್ಲ, ಕಾಗದ ಮಾತ್ರ ದೊಡ್ಡದಾಗುತ್ತದೆ. ಇದನ್ನು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ನಡೆದು ದಾಟುವವರಿಗೆ ಗಡಿ ಮುಚ್ಚಿ ಲಾರಿಗಳನ್ನು ಮಾತ್ರ ಬಿಟ್ಟಾಗ, ಒಟ್ಟಾಗಿ ಸಾಗಿಸಲು ಕಲಿತವರಿಗೆ ವ್ಯಾಪಾರ ಉಳಿಸಿಕೊಳ್ಳುವುದು ಸುಲಭವಾಯಿತು.

ಕ್ರಮ ತಪ್ಪಬಾರದು. ಮೊದಲು ಕೀನ್ಯಾ ಕಡೆ ಕೊಳ್ಳುವವರು ಅಲ್ಲಿನ ಸಸ್ಯಾರೋಗ್ಯ ತಪಾಸಣಾ ಸಂಸ್ಥೆ ಕೆಫಿಸ್‌ನಿಂದ ಆಮದು ಪರವಾನಗಿ ತೆಗೆಸಬೇಕು. ಅದರಲ್ಲಿರುವ ಷರತ್ತು ನೋಡಿಕೊಂಡು ಉಗಾಂಡಾ ಕೃಷಿ ಸಚಿವಾಲಯದ ಇನ್‌ಸ್ಪೆಕ್ಟರ್ ಧಾನ್ಯ ನೋಡಿ ಸಸ್ಯಾರೋಗ್ಯ ಪತ್ರ ಕೊಡುತ್ತಾರೆ. ಆಮೇಲೆ ಸರಳ ಚೀಟಿ. ಹೆಂಗಸರು ಮಾಡುವುದು ಇದರ ಉಲ್ಟಾ. ಚೀಟಿ ಸುಲಭವಾಗಿ ಸಿಗುತ್ತದೆ ಅಂತ ಅದನ್ನು ಮೊದಲು ಮಾಡಿಸಿ, ಸರಕು ಬಿಸಿಲಲ್ಲಿ ಇಳಿಸಿ, ಪರವಾನಗಿಗೆ ಓಡಾಡುತ್ತಾರೆ. ಇನ್ನೊಂದು, ಗೇಟು ತೆರೆದಿದೆ ಅಂದ ಮಾತ್ರಕ್ಕೆ ಎಲ್ಲ ಮೇಜಿನಲ್ಲೂ ಜನ ಕೂತಿರುತ್ತಾರೆ ಅಂತಲ್ಲ. ಬೆಳಗ್ಗೆ ಹೋಗುವುದೇ ಒಳ್ಳೆಯದು.

ಈಗ ಧಾನ್ಯದ ವಿಷಯ. ಕಾಗದ ಎಲ್ಲ ಸರಿಯಿದ್ದೂ ಸೋಲುವುದು ಇಲ್ಲೇ.

ಮೆಕ್ಕೆಜೋಳಕ್ಕೆ ಪೂರ್ವ ಆಫ್ರಿಕಾ ಮಾನಕದಲ್ಲಿ ತೇವಾಂಶ ಶೇ. 13.5 ಮೀರಬಾರದು, ಒಟ್ಟು ಅಫ್ಲಟಾಕ್ಸಿನ್ (ಬೂಷ್ಟಿನ ವಿಷ) 10 ಪಿಪಿಬಿ, ಅಂದರೆ ನೂರು ಕೋಟಿಗೆ 10 ಪಾಲು, ಮೀರಬಾರದು. 2021ರ ಮಾರ್ಚ್ 5ರಂದು ಕೀನ್ಯಾ ಇದೇ ಶಿಲೀಂಧ್ರ ವಿಷದ ಕಾರಣಕ್ಕೆ ಉಗಾಂಡಾ, ತಾಂಜಾನಿಯಾ ಮೆಕ್ಕೆಜೋಳವನ್ನೇ ನಿಲ್ಲಿಸಿತು. ಕೆಲವೇ ದಿನದಲ್ಲಿ ತೆರೆಯಿತು, ಆದರೆ ಷರತ್ತು ಹಾಕಿ: ಆಮದುದಾರರ ನೋಂದಣಿ, 10 ಪಿಪಿಬಿ ಒಳಗಿದೆ ಎಂಬ ಪತ್ರ, ಗೋದಾಮಿನ ವಿವರ. ನಾಲ್ಕು ಚೀಲದವಳಿಗೆ ಲ್ಯಾಬ್ ಪರೀಕ್ಷೆಯ ಖರ್ಚು ಗಿಟ್ಟುವುದಿಲ್ಲ. ಆದ್ದರಿಂದ ಮೆಕ್ಕೆಜೋಳವನ್ನು ಸಂಘದ ಹೆಸರಲ್ಲಿ ಒಟ್ಟಾಗಿಯೇ ಕಳಿಸಬೇಕು, ರಾಗಿಯನ್ನು ಬೇಕಾದರೆ ಬಿಡಿಯಾಗಿ. ನನ್ನ ಸಲಹೆ ಇದು.

ತೇವ ನೋಡಲು ಹಳ್ಳಿಯಲ್ಲಿ ಉಪ್ಪಿನ ಬಾಟಲಿ ಸಾಕು. ಚೆನ್ನಾಗಿ ಒಣಗಿದ ಗಾಜಿನ ಬಾಟಲಿ, ಮೂರನೇ ಒಂದು ಭಾಗ ಮೆಕ್ಕೆಜೋಳ, ಎರಡು ಮೂರು ಚಮಚ ಒಣ ಉಪ್ಪು. ಮುಚ್ಚಳ ಹಾಕಿ ಒಂದು ನಿಮಿಷ ಜೋರಾಗಿ ಅಲ್ಲಾಡಿಸಿ 15 ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ ಶೇ. 15ಕ್ಕಿಂತ ಜಾಸ್ತಿ. ಅಂಟದಿದ್ದರೆ 15ರ ಒಳಗೆ. ಆದರೆ ಗಮನಿಸಿ, 15ರ ಒಳಗೆ ಅಂದರೆ 13.5ರ ಒಳಗೆ ಅಂತಲ್ಲ. ಬಾಟಲಿ ಪಾಸಾದ ಮೇಲೂ ಇನ್ನೊಂದು ದಿನ ಒಣಗಿಸಿ, ಕೊನೆಗೆ ಮೀಟರ್‌ನಲ್ಲಿ ನೋಡಿಸಿ. ರಾಗಿಗೆ ಮೀಟರ್ ಹಿಡಿಯುವಾಗ ಸೆಟ್ಟಿಂಗ್ ಬದಲಾಯಿಸದಿದ್ದರೆ ಅಂಕಿ ಸುಳ್ಳು ಹೇಳುತ್ತದೆ.

ಒಣಗಿಸಲು ಯಾಕೆ ಹಿಂದೇಟು ಅನ್ನುವುದಕ್ಕೂ ಕಾರಣ ಇದೆ. ಶೇ. 16 ತೇವದ 90 ಕೆಜಿ ಚೀಲ 13.5ಕ್ಕೆ ಬಂದಾಗ 87.4 ಕೆಜಿ ಆಗುತ್ತದೆ. ಚೀಲಕ್ಕೆ 2.6 ಕೆಜಿ ಗಾಳಿಗೆ ಹೋಯಿತು. ತೇವದ ಮಾಲನ್ನೇ ಅದೇ ದರಕ್ಕೆ ಕೊಳ್ಳುವ ದಲ್ಲಾಳಿ ಪಾನ್ಯಾ ದಾರಿಯಲ್ಲಿ ಕಾದಿರುವಾಗ ಒಣಗಿಸುವವಳು ದಡ್ಡಿ ಅನ್ನಿಸುತ್ತದೆ. ಅಲ್ಲಿಗೆ ಹೋಗಬೇಡಿ ಅಂತ ಬುದ್ಧಿ ಹೇಳುವುದಕ್ಕಿಂತ, ಒಣಗಿದ ಮಾಲಿಗೆ ಇಂತಿಷ್ಟು ಹೆಚ್ಚು ಎಂದು ಕೊಳ್ಳುವವರ ಹತ್ತಿರ ಮೊದಲೇ ಮಾತಾಡಿಸಿ.

ರಾಗಿಯಲ್ಲಿ ತಕರಾರು ಬರುವುದು ಮಣ್ಣು ಕಲ್ಲಿಗೆ. ತೆನೆ ಬಡಿಯುವುದು ನೆಲದ ಮೇಲೆ, ಒಣಗಿಸುವುದು ರಸ್ತೆ ಅಂಚಿನಲ್ಲಿ. ರಾಗಿಕಾಳಿನ ಗಾತ್ರದ ಮರಳು ಮೊರದಲ್ಲಿ ಕೇರಿದರೂ ಹೋಗುವುದಿಲ್ಲ, ರಾಗಿ ತಿನ್ನುವ ನಮಗೆ ಇದನ್ನು ವಿವರಿಸಬೇಕಿಲ್ಲ. ಕೀನ್ಯಾದ ಗಿರಣಿಯವನು ಒಂದು ಹಿಡಿ ಬಾಯಿಗೆ ಹಾಕಿ ಕಟ್ ಅಂದರೆ ಸಾಕು, ಚೀಲ ವಾಪಸ್. ಬಡಿಯುವುದು ಒಣಗಿಸುವುದು ಎರಡೂ ಟಾರ್ಪಾಲಿನ ಮೇಲೆ, ಆಮೇಲೆ ಎರಡು ಜರಡಿ: ಮೇಲಿನದು ರಾಗಿ ಬಿಟ್ಟು ಹೊಟ್ಟು ಕಲ್ಲು ಹಿಡಿಯುವಂಥದ್ದು, ಕೆಳಗಿನದು ರಾಗಿ ಹಿಡಿದು ಸಣ್ಣ ಮರಳು ಬಿಡುವಂಥದ್ದು. (ರಾಗಿ ಮೊದಲು ಪಳಗಿದ್ದೇ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ. ನಮ್ಮ ಮುದ್ದೆಯ ತವರು ಅದು, ಅಲ್ಲಿ ಅದು ಉಜಿ ಎನ್ನುವ ಗಂಜಿ.)

ರಾಗಿಯನ್ನು ಹಿಟ್ಟು ಮಾಡಿ ಪೊಟ್ಟಣದಲ್ಲಿ ಒಯ್ಯುವ ಆಸೆ ಹುಟ್ಟಿದರೆ, ಆಗ ಅದು ಸಂಸ್ಕರಿಸಿದ ಸರಕು. ಉಗಾಂಡಾ ಮಾನಕ ಸಂಸ್ಥೆಯ ಗುಣಮಟ್ಟದ ಮುದ್ರೆ ಬೇಕು. ಆ ಮುದ್ರೆಯನ್ನು ಕೀನ್ಯಾ ಒಪ್ಪಬೇಕು ಎಂಬುದು ಸಮುದಾಯದ ನಿಯಮ. ಮುದ್ರೆಯಿಲ್ಲದ ಹಿಟ್ಟಿಗೆ ಸರಳ ಚೀಟಿ ಏನೂ ಮಾಡಲಾರದು.

ಮುಕೆನೆಗೆ ಮೀನುಗಾರಿಕೆ ಇಲಾಖೆಯ ಆರೋಗ್ಯ ಪತ್ರ. ಮರಳ ಮೇಲೆ ಒಣಗಿಸಿದ್ದು ಕೀನ್ಯಾದಲ್ಲಿ ಕೋಳಿ ಆಹಾರದ ಬೆಲೆಗೆ ಇಳಿಯುತ್ತದೆ, ಬಲೆ ಕಟ್ಟಿದ ಅಟ್ಟಣೆ ಮೇಲೆ ಒಣಗಿಸಿದ್ದು ಊಟದ ಬೆಲೆಗೆ ಹೋಗುತ್ತದೆ. ಸಣ್ಣ ಪ್ಲಾಸ್ಟಿಕ್ ಕೈಚೀಲದಲ್ಲಿ ಕಟ್ಟಿ ತರಲೇಬಾರದು. ಕೀನ್ಯಾದಲ್ಲಿ 2017ರ ಆಗಸ್ಟ್ 28ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ, ದಂಡ 40 ಲಕ್ಷ ಶಿಲ್ಲಿಂಗ್ ವರೆಗೆ, ಜೈಲು 4 ವರ್ಷದ ವರೆಗೆ. ಉಗಾಂಡಾ ಕಡೆ ಅಂಗಡಿಯಲ್ಲಿ ಸಲೀಸಾಗಿ ಸಿಗುವ ಈ ಕೈಚೀಲ (ಅಲ್ಲಿ ಕವೀರಾ), ನೂರು ಹೆಜ್ಜೆ ಆಚೆ ಅಪರಾಧ.

ಮೊರಜರಡಿ:

ಹಗೇವು ಅವರೇ, ಮೆಕ್ಕೆಜೋಳ ಒಟ್ಟಾಗಿ, ರಾಗಿ ಬಿಡಿಯಾಗಿ ಎಂಬುದು ತುಂಬ ಉಪಯೋಗಕ್ಕೆ ಬರುತ್ತದೆ. ವಾಪಸ್ ತರುವ ಸಾಮಾನಿನ ಬಗ್ಗೆ ಯಾರೂ ಹೇಳಲಿಲ್ಲ. ಪಾನ್ಯಾ ದಾರಿಯ ಪ್ರಶ್ನೆಯೂ ಹಾಗೇ ಉಳಿದಿದೆ.

ಸುಂಕದಕಟ್ಟೆ:

ಸೋಪು ಕೀನ್ಯಾದಲ್ಲಿ ತಯಾರಾಗಿದ್ದರೆ ಕೀನ್ಯಾ ಕಸ್ಟಮ್ಸ್‌ನಿಂದ ಸರಳ ಚೀಟಿ ಸಿಗುತ್ತದೆ. ಪೆಟ್ಟಿಗೆ ಮೇಲೆ ತಯಾರಿಕೆಯ ದೇಶ ಬರೆದಿರಬೇಕು, ಬಿಚ್ಚಿ ಚೀಲಕ್ಕೆ ಸುರಿದುಕೊಂಡು ಬಂದರೆ ಸಾಬೀತು ಮಾಡುವುದು ಹೇಗೆ? ಆದರೆ ಚೀಟಿ ಬಿಡಿಸುವುದು ಆಮದು ಸುಂಕವನ್ನು ಮಾತ್ರ. ಉಗಾಂಡಾದ ಶೇ. 18 ವ್ಯಾಟ್ ಅದರಿಂದ ತಪ್ಪುವುದಿಲ್ಲ. ‘ಸುಂಕವಿಲ್ಲ’ ಅನ್ನುವುದನ್ನು ‘ತೆರಿಗೆಯೇ ಇಲ್ಲ’ ಅಂತ ಕೇಳಿಸಿಕೊಂಡವರು ಇಲ್ಲಿ ಜಗಳಕ್ಕೆ ಬೀಳುತ್ತಾರೆ, ಅಧಿಕಾರಿ ಮೋಸ ಮಾಡಿದ ಅಂದುಕೊಳ್ಳುತ್ತಾರೆ.

ಹಳೆಬಟ್ಟೆ ಸಮುದಾಯದ ಹೊರಗಿನಿಂದ ಬಂದದ್ದು. ನೈರೋಬಿಯಲ್ಲಿ ಕೊಂಡರೂ ಕೀನ್ಯಾದ್ದಾಗುವುದಿಲ್ಲ. ಚೀನಾದ ಪ್ಲಾಸ್ಟಿಕ್ ಬಕೆಟ್ಟೂ ಹಾಗೇ. ಸರಳ ಚೀಟಿಗೆ ಇವು ಸೇರುವುದಿಲ್ಲ, ಪೂರ್ತಿ ಸುಂಕ. ಸೋಪಿನ ಜೊತೆ ಒಂದೇ ಮೂಟೆಯಲ್ಲಿ ಕಟ್ಟಿದರೆ ಸೋಪಿನ ಚೀಟಿಯ ಮೇಲೂ ಅನುಮಾನ ಬರುತ್ತದೆ, ಮೂಟೆಗಳನ್ನು ಬೇರೆ ಬೇರೆ ಮಾಡಿ.

ಪಾನ್ಯಾ ಅಂದರೆ ಸ್ವಾಹಿಲಿಯಲ್ಲಿ ಇಲಿ. ಊರು ಎರಡು ದೇಶಕ್ಕೆ ಹರಡಿಕೊಂಡಿದೆ, ಎರಡೂ ಕಡೆಯ ಹೆಸರು ಬುಸಿಯಾ, ಹಿತ್ತಲಿಂದ ಹಿತ್ತಲಿಗೆ ದಾರಿ. ಅಲ್ಲಿ ಹೋಗುವವರೆಲ್ಲ ತೆರಿಗೆ ಕದಿಯುವವರಲ್ಲ. ರಾಗಿಗೆ ಹೇಗೂ ಸುಂಕ ಸೊನ್ನೆ, ಕದಿಯಲು ಏನಿದೆ? ಅವರು ತಪ್ಪಿಸಿಕೊಳ್ಳುವುದು ಸಾಲನ್ನು, ಅರ್ಥವಾಗದ ಇಂಗ್ಲಿಷನ್ನು, ಸಸ್ಯಾರೋಗ್ಯ ಪತ್ರದ ಖರ್ಚನ್ನು. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲ ಅನ್ನುವುದು ನಮ್ಮಲ್ಲಿ ಮಾತ್ರ ಇರುವ ತಿಳಿವಳಿಕೆಯಲ್ಲ.

ಬೋಧನೆ ಬೇಡ, ಇಬ್ಬರನ್ನು ಕೂರಿಸಿ ಲೆಕ್ಕ ಮಾಡಿಸಿ. ಪಾನ್ಯಾದಲ್ಲಿ ಬೋಡಾಬೋಡಾದವನಿಗೆ (ಬಾಡಿಗೆ ಬೈಕಿನವನಿಗೆ) ಎಷ್ಟು, ಮಧ್ಯದಲ್ಲಿ ನಿಂತವರಿಗೆ ಎಷ್ಟೆಷ್ಟು, ರಾತ್ರಿ ಸರಕು ಇಳಿಸಿಟ್ಟ ಮನೆಗೆ ಎಷ್ಟು, ವರ್ಷದಲ್ಲಿ ಎಷ್ಟು ಸಲ ಜಪ್ತಿಯಾಯಿತು. ಜಪ್ತಿಯಾದ ಚೀಲಗಳ ಬೆಲೆಯನ್ನು ಆ ವರ್ಷ ದಾಟಿಸಿದ ಒಟ್ಟು ಚೀಲಕ್ಕೆ ಭಾಗಿಸಿ, ಚೀಲಕ್ಕೆ ಬಿದ್ದ ನಷ್ಟ ಸಿಗುತ್ತದೆ. ಇನ್ನೊಂದು ಪಟ್ಟಿಯಲ್ಲಿ ಗೇಟಿನ ಖರ್ಚು. ಮೆಕ್ಕೆಜೋಳಕ್ಕೆ ಕೆಲವೊಮ್ಮೆ ಪಾನ್ಯಾವೇ ಅಗ್ಗ ಅಂತ ಬರಬಹುದು, ಬಂದರೆ ಬರಲಿ. ಆಗ ಪರೀಕ್ಷೆಯ ಖರ್ಚು ಹಂಚಿಕೊಳ್ಳುವ ಮಾತಿಗೆ ಅರ್ಥ ಬರುತ್ತದೆ.

ಸರಕು ಹೊರುವವನ ಜೊತೆಗೇ ನಡೆಯಬೇಕು ಅಂತಲೂ ಬರೆಯಿರಿ. ಒಡತಿ ಗೇಟಿನಲ್ಲಿ ಚೀಟಿ ಹಿಡಿದು ನಿಂತಿರುತ್ತಾಳೆ, ಹಮಾಲಿ ಬೇಗ ಮುಗಿಯಲಿ ಅಂತ ಇಲಿ ದಾರಿಗೆ ತಿರುಗಿರುತ್ತಾನೆ. ಸಿಕ್ಕಿಬಿದ್ದರೆ ಅವಳ ಕೈಯಲ್ಲಿರುವ ಚೀಟಿಗೂ ಆ ಸರಕಿಗೂ ಸಂಬಂಧವೇ ಇಲ್ಲ.

ಚೀಟಿದುಡ್ಡು:

ದುಡ್ಡಿನ ಬಗ್ಗೆ ಎರಡು ಮಾತು. ಉಗಾಂಡಾ ಕಡೆ ಕೆಜಿ ಲೆಕ್ಕದಲ್ಲಿ ಕೊಳ್ಳುತ್ತಾರೆ, ಕೀನ್ಯಾ ಸಂತೆಯಲ್ಲಿ ಗೊರೊಗೊರೊ ಲೆಕ್ಕದಲ್ಲಿ ಮಾರುತ್ತಾರೆ. ಗೊರೊಗೊರೊ ಅಂದರೆ 2 ಕೆಜಿಯ ಹಳೆಯ ವನಸ್ಪತಿ ಡಬ್ಬ, ನಮ್ಮ ಸೇರಿನ ಹಾಗೆ. 2 ಕೆಜಿ ಅನ್ನುವುದು ಮೆಕ್ಕೆಜೋಳಕ್ಕೆ ಹೊಂದುವ ಮಾತು. ರಾಗಿ ಸಣ್ಣ ಕಾಳು, ಒತ್ತೊತ್ತಾಗಿ ಕೂರುತ್ತದೆ, ಅದೇ ಡಬ್ಬದಲ್ಲಿ ತೂಕ ಜಾಸ್ತಿ ಹಿಡಿಯುತ್ತದೆ. ಅದರ ಮೇಲೆ ಗೋಪುರ ಕಟ್ಟಿ ಕೊಡುವ ರೂಢಿ ಬೇರೆ. 90 ಕೆಜಿ ಚೀಲದಿಂದ 45 ಡಬ್ಬ ಬರುತ್ತದೆ ಅಂತ ಲೆಕ್ಕ ಹಾಕಿದವಳಿಗೆ 40 ಬಂದಾಗ ಯಾರೋ ಕದ್ದರು ಅನ್ನಿಸುತ್ತದೆ, ಕದ್ದದ್ದು ಡಬ್ಬ. ಮಾರುವ ಡಬ್ಬವನ್ನು ಒಮ್ಮೆ ರಾಗಿ ತುಂಬಿ, ಒಮ್ಮೆ ತಲೆ ಹೊಡೆದು, ಒಮ್ಮೆ ಗೋಪುರ ಕಟ್ಟಿ ತಕ್ಕಡಿಗಿಟ್ಟು ಬೆಲೆ ಕಟ್ಟಬೇಕು. ಸಗಟು ಕೊಳ್ಳುವವನು ತನ್ನದೇ ಡಬ್ಬ ತಂದರೆ ತಳ ಮುಟ್ಟಿ ನೋಡಿ. ತಳ ಹೊರಕ್ಕೆ ಉಬ್ಬಿಸಿದ್ದರೆ ಕೊಳ್ಳುವವನ ಡಬ್ಬ, ಒಳಕ್ಕೆ ತಟ್ಟಿದ್ದರೆ ಮಾರುವವನ ಡಬ್ಬ.

ವಿನಿಮಯ. ಒಂದು ಕೀನ್ಯಾ ಶಿಲ್ಲಿಂಗಿಗೆ ಸುಮಾರು 28 ಉಗಾಂಡಾ ಶಿಲ್ಲಿಂಗ್ ಇದೆ ಅನ್ನಿ. 36,000 ಬದಲಾಯಿಸುವಾಗ ದರದಲ್ಲಿ ಬರೀ ಅರ್ಧ ಶಿಲ್ಲಿಂಗ್ ಕಡಿಮೆಯಾದರೂ 18,000 ಉಗಾಂಡಾ ಶಿಲ್ಲಿಂಗ್ ಹೋಯಿತು. ಗೇಟಿನ ಮುಂದೆ ಮೊದಲು ಸಿಕ್ಕವನ ಹತ್ತಿರ ಬದಲಾಯಿಸಬಾರದು, ಮೂರು ಕಡೆ ಕೇಳಬೇಕು. ಬಂದ ದುಡ್ಡೆಲ್ಲ ಬದಲಾಯಿಸುವುದೂ ಬೇಡ. ವಾಪಸ್ ಸೋಪು ಕೊಳ್ಳಲು ಬೇಕಾದಷ್ಟನ್ನು ಕೀನ್ಯಾ ದುಡ್ಡಿನಲ್ಲೇ ಇಟ್ಟುಕೊಂಡರೆ ಎರಡು ಸಲ ಕಳೆದುಕೊಳ್ಳುವುದು ತಪ್ಪುತ್ತದೆ. ಆದರೆ ಆಚೆ ದೇಶದ ನೋಟನ್ನು ಡಬ್ಬದಲ್ಲಿಟ್ಟು ಉಳಿತಾಯ ಮಾಡಬಾರದು. 2019ರ ಜೂನ್ 1ರಂದು ಕೀನ್ಯಾ ಹಳೆಯ 1,000 ಶಿಲ್ಲಿಂಗ್ ನೋಟು ಸೆಪ್ಟೆಂಬರ್ 30ಕ್ಕೆ ಕೊನೆ ಅಂತ ಘೋಷಿಸಿತು, ಉಗಾಂಡಾದಲ್ಲಿ ಅದನ್ನು ಬದಲಾಯಿಸಿಕೊಳ್ಳುವುದು ಕಷ್ಟವಾಯಿತು. ನಮ್ಮ 2016 ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಬಂಡವಾಳಕ್ಕೆ ಅಲ್ಲಿ ಚಾಮಾ ಇದೆ, ನಮ್ಮ ಚೀಟಿಯೇ. ಒಂದೇ ಬದಲಾವಣೆ ಹೇಳಿಕೊಡಿ: ಚೀಟಿ ಎತ್ತುವ ಸರದಿಯನ್ನು ರಾಗಿ ಕೊಯ್ಲಿನ ತಿಂಗಳಿಗೆ ಹೊಂದಿಸುವುದು. ಕೊಯ್ಲಿಗೆ ಮೊದಲು ದುಡ್ಡು ಕೈಗೆ ಬಂದರೆ ಖರ್ಚಾಗುತ್ತದೆ, ಆಮೇಲೆ ಬಂದರೆ ದುಬಾರಿಗೆ ಕೊಳ್ಳಬೇಕಾಗುತ್ತದೆ.

ಅಂಗಳದಾಕೆ:

ಎಲ್ಲರೂ ಚೀಲದ ಬಗ್ಗೆ ಹೇಳಿದಿರಿ, ಹೊರುವವರ ಮೈ ಬಗ್ಗೆ ಯಾರೂ ಹೇಳಲಿಲ್ಲ. ಗೇಟು ಬಿಟ್ಟು ಇಲಿ ದಾರಿ ಹಿಡಿಯಲು ಅದೂ ಒಂದು ಕಾರಣ, ಇಲಿ ದಾರಿಯಲ್ಲಿ ಇನ್ನೂ ಕೆಟ್ಟದ್ದಾಗಲೂ ಅದೇ ಕಾರಣ.

ಕೈಪಿಡಿಯಲ್ಲಿ ಇವು ಇರಲೇಬೇಕು. ಪೂರ್ವ ಆಫ್ರಿಕಾ ಕಸ್ಟಮ್ಸ್ ಕಾಯ್ದೆಯ ಪ್ರಕಾರ ಹೆಂಗಸಿನ ಮೈ ತಪಾಸಣೆಯನ್ನು ಹೆಂಗಸೇ ಮಾಡಬೇಕು. ಗಂಡಸು ಮುಂದೆ ಬಂದರೆ ಹೇಳಬೇಕಾದ ಸ್ವಾಹಿಲಿ ವಾಕ್ಯವನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿ: ‘ನತಾಕಾ ಆಫಿಸಾ ಮ್ವನಮ್ಕೆ’, ನನಗೆ ಮಹಿಳಾ ಅಧಿಕಾರಿ ಬೇಕು. ಕೋಪ ತೋರಿಸದೆ, ಜೋರಾಗಿ, ಪಕ್ಕದವರಿಗೆ ಕೇಳುವಂತೆ. ಮುಚ್ಚಿದ ಕೋಣೆಗೆ ಒಬ್ಬಳೇ ಹೋಗುವುದಿಲ್ಲ, ಜೊತೆಗಾತಿ ಬಾಗಿಲಲ್ಲಿ ನಿಲ್ಲುತ್ತಾಳೆ. ಮೂವರ ತಂಡ ಮಾಡಿ: ಒಬ್ಬಳು ಮೇಜಿನ ಮುಂದೆ, ಒಬ್ಬಳು ಸರಕಿನ ಹತ್ತಿರ, ಒಬ್ಬಳು ಓಡಾಡಲು.

ಕೊಟ್ಟ ಪ್ರತಿ ಶಿಲ್ಲಿಂಗಿಗೂ ರಸೀದಿ ಕೇಳುವುದು. ‘ರಿಸಿಟಿ?’ ಅನ್ನುವ ಒಂದು ಮಾತಿಗೇ ಅರ್ಧ ಬೇಡಿಕೆ ಕರಗುತ್ತದೆ. ಸರಳ ಚೀಟಿಗೆ ದುಡ್ಡು ಕೇಳಿದರೆ ಅದು ಲಂಚವೇ.

ದೂರು ಕೊಡುವಾಗ ‘ಅಧಿಕಾರಿಗಳು ಕಾಟ ಕೊಟ್ಟರು’ ಅಂದರೆ ಯಾರೂ ಏನೂ ಮಾಡಲಾರರು. ದಿನ, ಗಂಟೆ, ಯಾವ ಮೇಜು, ಎದೆ ಮೇಲಿನ ಬ್ಯಾಡ್ಜ್ ಸಂಖ್ಯೆ, ಏನು ಕೇಳಿದರು, ಎಷ್ಟು ಹೊತ್ತು ನಿಲ್ಲಿಸಿದರು. ಬರೆಯಲು ಬಾರದವರು ಆ ಕ್ಷಣದಲ್ಲೇ ಫೋನಿನಲ್ಲಿ ಸಂಘದವರಿಗೆ ಹೇಳಿ ಬರೆಸಲಿ. ಕಾಮೆಸಾ (ಪೂರ್ವ ಮತ್ತು ದಕ್ಷಿಣ ಆಫ್ರಿಕಾ ದೇಶಗಳ ಸಾಮಾನ್ಯ ಮಾರುಕಟ್ಟೆ), ಪೂರ್ವ ಆಫ್ರಿಕಾ ಸಮುದಾಯ, ಸಾಡಿಕ್ (ದಕ್ಷಿಣ ಆಫ್ರಿಕಾ ಭಾಗದ ದೇಶಗಳ ಒಕ್ಕೂಟ) ಮೂರೂ ಸೇರಿ ನಡೆಸುವ ಸುಂಕೇತರ ತಡೆಗಳ ದೂರು ವ್ಯವಸ್ಥೆ ಇದೆ, ಅಲ್ಲಿ ಸಂಘದ ಹೆಸರಲ್ಲೇ ದಾಖಲಿಸಿ. ಒಬ್ಬಳ ಹೆಸರಲ್ಲಿ ಹಾಕಿದರೆ ಮರುದಿನ ಅದೇ ಗೇಟಿಗೆ ಅವಳೇ ಹೋಗಬೇಕು.

ಸಾದಾ ಫೋನಿನ ಬಗ್ಗೆ ಕೇಳಿದ್ದಿರಿ. ಸೌತಿ ಎಂಬ ಸೇವೆ ಇಂಥ ಹೆಂಗಸರಿಗಾಗಿಯೇ ಶುರುವಾದದ್ದು. ಇಂಟರ್‌ನೆಟ್ ಇಲ್ಲದೆ, ಅಂಕಿ ಒತ್ತಿ ಸಂತೆ ಬೆಲೆ, ವಿನಿಮಯ ದರ, ಗಡಿಯ ಕ್ರಮ ನೋಡುವ ಹಾಗೆ ಮಾಡಿದ್ದಾರೆ. ಯಾವ ಅಂಕಿ ಅನ್ನುವುದನ್ನು ಗಡಿಯಲ್ಲೇ ಕೇಳಿ, ಒತ್ತಿ ನೋಡಿ, ಆಮೇಲೆ ಅಚ್ಚು ಹಾಕಿಸಿ.

ಸಂಜೆ ಸರಕು ಉಳಿದರೆ ಎಲ್ಲಿಡುವುದು ಎಂಬುದೂ ಬೆಲೆಯ ಪ್ರಶ್ನೆಯೇ. ಇಡಲು ಜಾಗವಿಲ್ಲದವಳು ಐದು ಗಂಟೆಗೆ ಸಿಕ್ಕ ಬೆಲೆಗೆ ಕೊಟ್ಟು ಬರುತ್ತಾಳೆ, ಕೊಳ್ಳುವವರು ಅದಕ್ಕೇ ಕಾಯುತ್ತಾರೆ. ಕೀನ್ಯಾ ಕಡೆ ಬೀಗ ಹಾಕುವ ಒಂದು ಕೋಣೆಯನ್ನು 30 ಜನ ಸೇರಿ ಬಾಡಿಗೆಗೆ ಹಿಡಿಯಬಹುದು. ನೆಲದ ಮೇಲೆ ಮರದ ಹಲಗೆ ಹಾಕಿ ಪೇರಿಸಬೇಕು, ಗೋಡೆಗೆ ತಾಗಿಸಬಾರದು.

ತಕ್ಕಡಿ:

ಹಗೇವು ಹೇಳಿದ್ದು ಒಪ್ಪಿದೆ, ಸಸ್ಯಾರೋಗ್ಯ ಪತ್ರವನ್ನು ನಾನು ಬಿಟ್ಟೇಬಿಟ್ಟಿದ್ದೆ. ಹಾಗಾದರೆ ರಾಗಿಗೂ ವಾರಕ್ಕೊಮ್ಮೆ 4 ಚೀಲದ ಬದಲು ಒಬ್ಬೊಬ್ಬಳು ಎರಡು ವಾರಕ್ಕೊಮ್ಮೆ 8 ಚೀಲ ತಂದರೆ ಪತ್ರದ ಖರ್ಚು ಅರ್ಧವಾಗುತ್ತದೆ. 8 ಚೀಲ ಅಂದರೆ ನಮ್ಮ ಲೆಕ್ಕದಲ್ಲಿ 558 ಡಾಲರ್, ಮಿತಿಗೆ ಇನ್ನೂ ಬೇಕಾದಷ್ಟು ಜಾಗ ಇದೆ.

ಇನ್ನೊಂದು ಎಚ್ಚರಿಕೆ. ಕೀನ್ಯಾ, ಉಗಾಂಡಾ ಎರಡೂ ಕಾಮೆಸಾದಲ್ಲೂ ಇವೆ, ಅದಕ್ಕೂ ಅದರದೇ ಸರಳ ವ್ಯವಸ್ಥೆ, ಅದರದೇ ನಮೂನೆ ಇದೆ. ಜಾಂಬಿಯಾ–ಮಲಾವಿ ಕಡೆಗೆ ಮಾಡಿದ ತರಬೇತಿ ಹಾಳೆಗಳು ಆ ನಮೂನೆಯವು. ಅಂತರ್ಜಾಲದಲ್ಲಿ ಸಿಕ್ಕಿತು ಅಂತ ಅದನ್ನು ನಕಲು ಹೊಡೆದು ಬುಸಿಯಾದವರಿಗೆ ಕೊಡಬೇಡಿ. ಖಾಲಿ ನಮೂನೆಯನ್ನು ಬುಸಿಯಾದ ಮೇಜಿನಿಂದಲೇ ಒಂದು ಹಾಳೆ ಕೇಳಿ ತರಿಸಿ, ಅದರ ಮೇಲೆ ಚಿತ್ರ ಬರೆಸಿ.

ಮೊರಜರಡಿ:

ಸರಿ. ಮೊದಲ ಪುಟ ಕಟ್ಟಡದ ಬಾಣ ಮತ್ತು ಕಾಗದದ ಕ್ರಮ, ಎರಡನೆಯದು ಚೀಲದ ಗುರುತು, ಬಾಟಲಿ, ಜರಡಿ, ಮೂರನೆಯದು ಡಬ್ಬ ಮತ್ತು ದುಡ್ಡು, ನಾಲ್ಕನೆಯದು ಅಂಗಳದಾಕೆಯವರು ಹೇಳಿದ್ದು. ಆ ಸ್ವಾಹಿಲಿ ವಾಕ್ಯವನ್ನು ಮಾತ್ರ ನಾಲ್ಕೂ ಪುಟದ ಕೆಳಗೆ ಹಾಕಿಸುತ್ತೇನೆ. ಕರಡು ಆದ ಮೇಲೆ ಇಲ್ಲೇ ಹಾಕುತ್ತೇನೆ, ಲೆಕ್ಕಗಳನ್ನು ಒಮ್ಮೆ ನೋಡಿಕೊಡಿ.